ಕೊನೆಯ ಪುಟದ ಕುಂಕುಮ

ಸಿಂಗಪುರದ ಟ್ಯಾಂಪಿನೀಸ್‌ನ ಬದರೀನಾಥರು ಎರಡು ವರ್ಷದಿಂದ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಇದನ್ನು ಕೇಳಿ ಒಳ್ಳೆಯದೇ ಆಯಿತಲ್ಲ ಎನ್ನುವವರು ಅವರನ್ನು ಮೊದಲು ಕಂಡವರಲ್ಲ. ಮೊದಲಾದರೆ ಯಾರೂ ಒತ್ತದ ಮಹಡಿಯಲ್ಲಿ ಲಿಫ್ಟು ನಿಂತರೆ ಸಿಟ್ಟು, ಕಾಫಿ ಬಿಸಿ ಸಾಲದಿದ್ದರೆ ಸಿಟ್ಟು, ಟೀವಿಯವರು ಒಂದು ವಿಮಾನದ ಸುದ್ದಿಗೆ ಇನ್ನೊಂದು ವಿಮಾನದ ಚಿತ್ರ ಹಾಕಿದರಂತೂ ಆ ದಿನವೆಲ್ಲ ಮನೆಯಲ್ಲಿ ಗುಡುಗು. ಅರವತ್ತೇಳು ವರ್ಷದ ಆ ಮನುಷ್ಯ ಈಗ ಆರಿದ ಕಾಫಿಯನ್ನು ಹಾಗೆಯೇ ಕುಡಿದು, ಲೋಟ ತೊಳೆದಿಟ್ಟು, ಸೋಫಾದ ಎಡತುದಿಯಲ್ಲಿ ಕೂರುತ್ತಿದ್ದರು. ಬಲತುದಿ ಹೆಂಡತಿ ಪ್ರಭಾ ಅವರದು.

ಪ್ರಭಾ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದದ್ದಕ್ಕೂ ಮಂಡಾಯ್‌ನಲ್ಲಿ ದಹನವಾದದ್ದಕ್ಕೂ ನಡುವೆ ಹನ್ನೊಂದೇ ವಾರ. ಬದರೀನಾಥರು ಅಳಲಿಲ್ಲ. ಎಷ್ಟು ಗಟ್ಟಿ ಮನುಷ್ಯ, ಹೇಗೆ ತಡೆದುಕೊಂಡಿದ್ದಾರೆ ನೋಡಿ ಎಂದು ಬಂದವರು ಮೆಚ್ಚಿಕೊಂಡು ಹೋದರು. ತಡೆಯುವುದಕ್ಕೆ ಒಳಗಿನಿಂದ ಏನೂ ಬಂದಿರಲೇ ಇಲ್ಲ ಎನ್ನುವುದು ಅವರೊಬ್ಬರಿಗೇ ಗೊತ್ತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮುಟ್ಟಿಕೊಂಡರೆ ಇನ್ಯಾರದೋ ಕೆನ್ನೆ ಮುಟ್ಟಿದಂತೆ ಇರುತ್ತದಲ್ಲ, ಒಳಗೆಲ್ಲ ಹಾಗಿತ್ತು. ಮೂವತ್ತಾರು ವರ್ಷ ದಿನಕ್ಕೆ ಐವತ್ತು ಸಲ ‘ಪ್ರಭಾ, ಕನ್ನಡಕ ಎಲ್ಲೇ?’, ‘ಪ್ರಭಾ, ಬಾಗಿಲು ಹಾಕ್ದ್ಯಾ?’ ಎಂದು ಕೂಗಿದ ಹೆಸರು ಒಂದು ದಿನದಿಂದ ಇನ್ನೊಂದು ದಿನಕ್ಕೆ ಬಾಯಿಂದ ಬಿದ್ದುಹೋಯಿತು. ಮಗಳು ಗಾರ್ಗಿಯ ಮುಂದೆ ‘ನಿಮ್ಮಮ್ಮ’ ಎನ್ನುತ್ತಿದ್ದರು. ಬೇರೆಯವರ ಮುಂದೆ ‘ನಮ್ಮ ಮಿಸೆಸ್’.

ಅವರ ಕಸುಬು ಅಲ್ಟಿಮೀಟರು, ಅಂದರೆ ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ಪೈಲಟನಿಗೆ ತೋರಿಸುವ ಮೀಟರು. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಅಲ್ಲೇ ದುಡಿದು, ಎಂಬತ್ತಾರರಲ್ಲಿ ಹೊಸ ಹೆಂಡತಿಯನ್ನು ಕರೆದುಕೊಂಡು ಸಿಂಗಪುರಕ್ಕೆ ಬಂದರು. ಚಾಂಗಿ ವಿಮಾನ ನಿಲ್ದಾಣದ ಹತ್ತಿರದ ಒಂದು ರಿಪೇರಿ ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ಅಂಗೈಯಗಲದ ಡಬ್ಬಿಗಳನ್ನು ಬಿಚ್ಚಿದರು, ಒರೆಸಿದರು, ಸೇರಿಸಿದರು. ಅಷ್ಟು ಕಾಲದಲ್ಲಿ ಅವರು ಸಹಿ ಹಾಕಿ ಕಳಿಸಿದ ಮೀಟರು ಒಂದೂ ವಾಪಸು ಬಂದಿರಲಿಲ್ಲ. ಈ ಮಾತನ್ನು ಅವರು ಎರಡನೇ ಭೇಟಿಯಲ್ಲೇ ಹೇಳಿಬಿಡುತ್ತಿದ್ದರು, ಮೊದಲನೇ ಭೇಟಿಯಲ್ಲಿ ಹೇಳದಂತೆ ಪ್ರಭಾ ಕಣ್ಣು ಬಿಡುತ್ತಿದ್ದರು. ಆಮೇಲೆ ಸೂಜಿಯ ಮೀಟರುಗಳು ಹೋಗಿ ವಿಮಾನದಲ್ಲೆಲ್ಲ ಸ್ಕ್ರೀನುಗಳು ಬಂದವು, ಅವರ ವಿಭಾಗವನ್ನು ಸದ್ದಿಲ್ಲದೆ ಮುಚ್ಚಿದರು.

ಇನ್ನು ಆ ಪುಸ್ತಕದ ವಿಷಯ. ಈ ಮನೆಯ ದೇವರ ಗೂಡಿನಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ, ರೇಷ್ಮೆಯ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ಇತ್ತು. ಅದು ಭಗವದ್ಗೀತೆಯಲ್ಲ. ಇಟಲಿಯ ಒಬ್ಬ ಫೈಟರ್ ಪೈಲಟ್ ತನ್ನ ಹಾರಾಟಗಳ ಲೆಕ್ಕ ಬರೆದಿಟ್ಟ ಲಾಗ್ ಬುಕ್ಕು.

ಬದರೀನಾಥರ ತಾತ ಸುಬ್ಬನರಸಯ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಂಪೌಂಡರಾಗಿದ್ದರು. ಇಂಗ್ಲಿಷರು ಆಫ್ರಿಕದಲ್ಲಿ ಸೆರೆಹಿಡಿದ ಇಟಲಿಯ ಸೈನಿಕರನ್ನು ತಂದು ಇಟ್ಟಿದ್ದ ಶಿಬಿರ ಅದು, ಅದರ ಆಸ್ಪತ್ರೆಯಲ್ಲಿ ಕೆಲಸ. ಸಂಧ್ಯಾವಂದನೆ ಬಿಡದ, ಶಿಬಿರದಲ್ಲಿ ಒಂದು ಲೋಟ ನೀರೂ ಕುಡಿಯದ ಬ್ರಾಹ್ಮಣ. ನಲವತ್ತಮೂರರ ಮಳೆಗಾಲದಲ್ಲಿ ಎನ್ನಿಯೊ ಬರ್ತಾನ್ ಎಂಬ ಪೈಲಟ್ ಜ್ವರದ ವಾರ್ಡಿಗೆ ಬಂದ. ಇಪ್ಪತ್ತಾರು ವರ್ಷ. ಮೂರು ವಾರ ಮಲಗಿದ್ದು ತೀರಿಕೊಂಡ. ಸಾಯುವ ಹಿಂದಿನ ದಿನ ಈ ಪುಸ್ತಕವನ್ನು ಕಂಪೌಂಡರ ಕೈಗಿಟ್ಟು ಮನೆಗೆ ತಲುಪಿಸು ಎಂದ. ಆಫೀಸಿಗೆ ಕೊಡಬೇಡ, ನೀನೇ ಕಳಿಸು ಎಂದೂ ಸನ್ನೆ ಮಾಡಿದ.

ಕೈದಿಯ ಸಾಮಾನು ಮುಟ್ಟಿದರೆ ಕೆಲಸ ಹೋಗುವ ಕಾಲ. ತಾತ ಪುಸ್ತಕವನ್ನು ಪಂಚೆಯೊಳಗೆ ಮುಚ್ಚಿಕೊಂಡು ಮನೆಗೆ ತಂದರು. ಯುದ್ಧ ಮುಗಿಯಲಿ ಕಳಿಸೋಣ ಅಂದುಕೊಂಡರು. ಯುದ್ಧ ಮುಗಿಯಿತು, ವಿಳಾಸ ಓದಿ ಹೇಳುವವರು ಸಿಗಲಿ ಅಂದುಕೊಂಡರು. ಸತ್ತವನ ವಸ್ತು ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇರಬಾರದೆಂದು ದೇವರ ಮನೆಗೆ ಹೋಯಿತು. ದೇವರ ಮನೆಗೆ ಹೋದದ್ದು ಪೋಸ್ಟ್ ಆಫೀಸಿಗೆ ಹೋಗುವುದುಂಟೆ? ಆಯುಧಪೂಜೆಯ ದಿನ ಮನೆಯ ಕತ್ತರಿ, ಈಳಿಗೆಮಣೆ, ಸೈಕಲ್ಲುಗಳ ಜೊತೆ ಅದಕ್ಕೂ ಗಂಧ ಕುಂಕುಮ ಬಿತ್ತು. ಯೋಧನೊಬ್ಬನ ಪುಸ್ತಕ, ಅದೂ ಆಯುಧವೇ ತಾನೆ ಎಂದರು ತಾತ.

ಅದಾದ ಮೇಲೆ ಒಂದು ವರ್ಷವೂ ತಪ್ಪಲಿಲ್ಲ. ತಾತನ ನಂತರ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಅಪ್ಪ ಲಕ್ಷ್ಮೀಕಾಂತಯ್ಯ ಮಾಡಿದರು, ಅವರ ನಂತರ ಸಿಂಗಪುರದಲ್ಲಿ ಬದರೀನಾಥರು. ಕ್ರಮ ಹೀಗೆ: ಬಟ್ಟೆ ಬಿಚ್ಚಿ, ಕೊನೆಯ ಪುಟ ತೆರೆದು, ಹೋದ ವರ್ಷದ ಒಣಗಿದ ಗಂಧವನ್ನು ಉಗುರಿನಿಂದ ನಯವಾಗಿ ಕೆರೆದು, ಹೊಸ ಗಂಧ ಹಚ್ಚಿ, ಮೇಲೆ ಕುಂಕುಮ. ಕೊನೆಯ ಪುಟವೇ ಏಕೆಂದರೆ ಅಲ್ಲಿ ಮಾತ್ರ ಅಂಕಿಗಳಿರಲಿಲ್ಲ, ಎರಡು ಸಾಲು ಕೈಬರಹ ಇತ್ತು. ದೇವರ ಹೆಸರೋ ಏನೋ ಇರಬೇಕು ಎಂದು ಮನೆಯವರ ಲೆಕ್ಕ. ಮಂಗಳಾರತಿಯಾದ ಮೇಲೆ ಮನೆಯ ಹಿರಿಯ ‘ತಾತನ ಮಂತ್ರ’ ಹೇಳಬೇಕು. ಅದು ಸುಬ್ಬನರಸಯ್ಯನವರಿಗೆ ಯಾರಿಂದಲೋ ಉಪದೇಶವಾದದ್ದು. ಯಾರಿಂದ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬದರೀನಾಥರಿಗೆ ಉಪನಯನವಾದ ವರ್ಷ ಅಪ್ಪ ಅದನ್ನು ಕಿವಿಯಲ್ಲಿ ಹೇಳಿ, ಒಂದು ಅಕ್ಷರ ಜಾರಿದರೂ ತಲೆಗೆ ಮೊಟಕಿ, ಹದಿನೈದು ದಿನ ತಿದ್ದಿ ಕಲಿಸಿದ್ದರು. ಅರ್ಥವೇನೆಂದು ಸ್ಕೂಲಿನ ಸಂಸ್ಕೃತದ ಮೇಷ್ಟ್ರನ್ನು ಕೇಳಿದಾಗ ಅವರು ಮೂಗಿನ ಮೇಲೆ ಬೆರಳಿಟ್ಟು, ‘ಇದು ಸಂಸ್ಕೃತ ಅಲ್ಲಪ್ಪ, ಯಾವುದೋ ತಾಂತ್ರಿಕರದು, ನಮಗ್ಯಾಕೆ’ ಎಂದು ಕೈತೊಳೆದುಕೊಂಡಿದ್ದರು.

ಪುಸ್ತಕದ ಭಾಷೆ ಬದರೀನಾಥರಿಗೆ ಗೊತ್ತಿರಲಿಲ್ಲ, ಆದರೆ ಕಾಲಂಗಳು ಗೊತ್ತಿದ್ದವು. ಲಾಗ್ ಬುಕ್ಕು ಯಾವ ದೇಶದ್ದಾದರೂ ತಾರೀಖು ತಾರೀಖೇ, ಎತ್ತರ ಎತ್ತರವೇ. ಎಷ್ಟೋ ಭಾನುವಾರ ಅದನ್ನು ಮುಂದಿಟ್ಟುಕೊಂಡು ಆ ಹುಡುಗನ ಜೀವನವನ್ನು ಅಂಕಿಗಳಲ್ಲೇ ಓದಿದ್ದರು. ಮೂವತ್ತೆಂಟರ ಮೇ ತಿಂಗಳಲ್ಲಿ ಮೊದಲ ಸಲ ಒಬ್ಬನೇ ಹಾರಿದ್ದ, ಹನ್ನೊಂದು ನಿಮಿಷ. ಮಾರನೇ ವರ್ಷ ಎರಡು ಸಾಲು ರೆಕ್ಕೆಯ ಫೈಟರು. ಒಂದು ದಿನ ಆರು ಸಾವಿರ ಮೀಟರಿಗೆ ಏರಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದ. ಹೆಮ್ಮೆ ಇರಬೇಕು. ನಲವತ್ತೊಂದರ ಜನವರಿಯಿಂದ ಊರುಗಳ ಹೆಸರು ಬದಲಾಗಿ ಆಫ್ರಿಕದ ಹೆಸರು. ದಿನಕ್ಕೆ ಮೂರು ಸಲ, ನಾಲ್ಕು ಸಲ ಹಾರಿದ್ದ. ಬರಹ ಚಿಕ್ಕದಾಗುತ್ತ ಬಂದಿತ್ತು. ಮಾರ್ಚ್ ಇಪ್ಪತ್ತನೇ ತಾರೀಖಿನ ಸಾಲಿನಲ್ಲಿ ಏರಿದ ಸಮಯ ಒಂಬತ್ತು ಹತ್ತು. ಇಳಿದ ಸಮಯದ ಕಾಲಂ ಖಾಲಿ. ವಿಮಾನ ಉರುಳಿದರೂ ಪ್ಯಾರಾಚೂಟಿನಲ್ಲಿ ಇಳಿದು, ಆಸ್ಪತ್ರೆ ಸೇರಿ, ಅಲ್ಲೇ ಸೆರೆಸಿಕ್ಕು ಜಾಲಹಳ್ಳಿಗೆ ಬಂದ ಎನ್ನುವುದು ತಾತ ಕೇಳಿಸಿಕೊಂಡು ಬಂದಿದ್ದ ಕತೆ. ಅಲ್ಲಿ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ. ಕೊಟ್ಟರೆ ತಿನ್ನುತ್ತಿದ್ದ, ಎಬ್ಬಿಸಿದರೆ ಏಳುತ್ತಿದ್ದ. ಜೀವ ಇತ್ತು, ಅಷ್ಟೇ.

“ಪಾಪ ಕಣ್ರೀ, ಆ ಕಾಲಂ ನೀವಾದ್ರೂ ಫಿಲ್ ಮಾಡ್ಬಿಡಿ. ಹುಡುಗ ಇನ್ನೂ ಮೇಲೇ ಸುತ್ತಾ ಇದಾನೆ ಅನ್ಸುತ್ತೆ” ಎಂದು ಪ್ರಭಾ ಪ್ರತಿ ವರ್ಷ ಹೇಳುತ್ತಿದ್ದರು.

“ಇನ್ನೊಬ್ರ ಲಾಗಲ್ಲಿ ಕೈ ಹಾಕೋದು ಕ್ರೈಮ್ ಕಣೇ! ಲೈಸೆನ್ಸ್ ಹೋಗುತ್ತೆ!” ಎಂದು ಬದರೀನಾಥರು ಪ್ರತಿ ವರ್ಷ ಸಿಡುಕುತ್ತಿದ್ದರು.

ಪ್ರಭಾ ತೀರಿಕೊಂಡ ವರ್ಷ ಬದರೀನಾಥರು ಆಯುಧಪೂಜೆ ಮಾಡಲಿಲ್ಲ. ವರ್ಷಾಂತಿಕ ಆಗಿಲ್ಲ ಎಂಬ ಕಾರಣವಿತ್ತು. ಮಾರನೇ ವರ್ಷ ಕಾರಣವೂ ಇರಲಿಲ್ಲ, ಪೂಜೆಯೂ ಇರಲಿಲ್ಲ. ಈ ವರ್ಷ ಆಯುಧಪೂಜೆ ಎಂದು ಅವರಿಗೆ ಗೊತ್ತಾದದ್ದು ವಾಟ್ಸಾಪಿನಲ್ಲಿ ಯಾರೋ ತಮ್ಮ ಕಾರಿನ ಫೋಟೋ ಹಾಕಿದ್ದರಿಂದ.

ಅದಾದ ವಾರಕ್ಕೆ ಗಾರ್ಗಿ ತನ್ನ ಮನೆಯಿದ್ದ ಹೌಗಾಂಗ್‌ನಿಂದ ಬಂದಳು. ಪ್ರತಿ ಭಾನುವಾರ ಬಂದು ಅಪ್ಪನ ಫ್ರಿಜ್ಜಿಗೆ ಸಾರು ಪಲ್ಯ ತುಂಬಿಸಿ ಹೋಗುತ್ತಿದ್ದಳು. ಆ ದಿನ ಡಬ್ಬಿಗಳನ್ನು ಜೋಡಿಸುತ್ತ ಹಿಂದೆ ತಿರುಗದೆ ಹೇಳಿದಳು:

“ಅಪ್ಪಾ, ನಮ್ಮ ಆಫೀಸಲ್ಲಿ ಲೂಕಾ ಅಂತ ಇದಾನಲ್ಲ, ಇಟಾಲಿಯನ್. ಲಂಚಲ್ಲಿ ಕ್ಯಾಶುವಲ್ ಆಗಿ ನಮ್ಮ ಪೈಲಟ್ ಬುಕ್ ವಿಷ್ಯ ಹೇಳ್ದೆ. ಅವ್ನು ಸೀರಿಯಸ್ ಆಗ್ಬಿಟ್ಟ. ನೇಮ್, ಊರು ಎಲ್ಲ ತಗೊಂಡು ಅಲ್ಲಿ ಚರ್ಚಿಗೆ ಮೇಲ್ ಮಾಡ್ದ. ಮಗಳು ಸಿಕ್ಕಿದಾಳೆ ಅಪ್ಪಾ.”

“ಯಾರ ಮಗಳು?”

“ಪೈಲಟ್ ಮಗಳು. ಎಯ್ಟಿ ತ್ರೀ ಇಯರ್ಸ್. ಇನ್ನೂ ಇದಾರೆ.”

ಬದರೀನಾಥರು ಹೂಂ ಎಂದರು. ಮೊದಲಿನ ಬದರೀನಾಥರಾಗಿದ್ದರೆ ಕುರ್ಚಿಯಿಂದ ಎದ್ದು ಕುಣಿದಾಡುತ್ತಿದ್ದರು. ಗಾರ್ಗಿ ಮೊಬೈಲು ತೆಗೆದು, ಲೂಕಾ ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದ ಕಾಗದವನ್ನು ಕನ್ನಡದಲ್ಲಿ ಹೇಳುತ್ತ ಹೋದಳು.

ಆ ಹೆಂಗಸಿನ ಹೆಸರು ಮಿರೆಲ್ಲಾ. ಅಪ್ಪ ಆಫ್ರಿಕಕ್ಕೆ ಹೋದಾಗ ಆಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿ. ಹುಟ್ಟುವ ಹೊತ್ತಿಗೆ ಅಪ್ಪ ಕೈದಿ. ಹೆಣ್ಣು ಮಗು ಹುಟ್ಟಿದೆ ಎಂದು ತಾಯಿ ರೆಡ್ ಕ್ರಾಸಿನ ಕಾರ್ಡು ಬರೆದಿದ್ದರು. ಉತ್ತರ ಬರಲೇ ಇಲ್ಲ. ತಾಯಿ ನಲವತ್ತನಾಲ್ಕರಲ್ಲಿ ಬಾಂಬು ಬಿದ್ದು ಸತ್ತರು. ಸಾಕಿದ ಸೋದರತ್ತೆ ಸಿಟ್ಟು ಬಂದಾಗಲೆಲ್ಲ, ನಿನ್ನಪ್ಪನಿಗೆ ನೀನು ಇದ್ದೀಯ ಅಂತಲೇ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಮುದ್ದು ಬಂದಾಗಲೂ ಅದನ್ನೇ ಅನ್ನುತ್ತಿದ್ದರಂತೆ, ಪಾಪ ಎಂದು ಸೇರಿಸಿ. ಆಕೆಯ ಹತ್ತಿರ ಇದ್ದದ್ದು ಒಂದೇ ಆಧಾರ, ಶಿಬಿರದ ಪಾದ್ರಿ ಬರೆದ ಸಾವಿನ ಕಾಗದ. ‘ತನ್ನ ಹಾರಾಟದ ಪುಸ್ತಕದ ಕೊನೆಯ ಪುಟದಲ್ಲಿ ಆತ ಮನೆಗೆಂದು ಎರಡು ಸಾಲು ಬರೆದಿದ್ದಾನೆ, ಪುಸ್ತಕ ನಿಮಗೆ ತಲುಪುತ್ತದೆ’ ಎಂದು ಅದರಲ್ಲಿತ್ತು. ಆ ಎರಡು ಸಾಲು ಯಾರಿಗೆ? ಕಾರ್ಡು ಅಪ್ಪನ ಕೈ ಸೇರಿತ್ತೆ? ತಾನು ಹುಟ್ಟಿದ್ದು ಅಪ್ಪನಿಗೆ ಗೊತ್ತಿತ್ತೆ? ಇದನ್ನು ತಿಳಿದು ಸಾಯಬೇಕೆಂದು ಎಂಬತ್ತು ವರ್ಷದಿಂದ ಕಾಯುತ್ತಿದ್ದೇನೆ ಎಂದು ಮಿರೆಲ್ಲಾ ಬರೆದಿದ್ದರು.

ಗಾರ್ಗಿ ಮೊಬೈಲು ಕೆಳಗಿಟ್ಟಳು. ಕೊನೆಯ ಪುಟ ಎಂಬ ಮಾತು ಬಂದಾಗ ಅವಳ ದನಿ ಬಿದ್ದುಹೋಗಿತ್ತು. ಬದರೀನಾಥರು ಎದ್ದು ಗೂಡಿನಿಂದ ಪುಸ್ತಕ ತೆಗೆದರು. ಟೇಬಲ್ ಲ್ಯಾಂಪಿನ ಕೆಳಗಿಟ್ಟು, ಮೂವತ್ತನಾಲ್ಕು ವರ್ಷ ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸ ಮಾಡಿದ ಭೂತಗನ್ನಡಿಯನ್ನು ಹಾಕಿಕೊಂಡು, ಕೊನೆಯ ಪುಟ ತೆರೆದರು.

ಅಲ್ಲಿ ಒಂದಕ್ಷರವೂ ಇರಲಿಲ್ಲ. ಪುಟದ ನಡುವೆ ಅಂಗೈಯಗಲ ಕೆಂಪು. ಗಂಧದ ನೀರಿಗೆ ಮಸಿ ಕರಗಿತ್ತು, ವರ್ಷ ವರ್ಷ ಕೆರೆದ ಉಗುರಿಗೆ ಕಾಗದದ ಮೇಲ್ಪದರವೇ ಎದ್ದುಹೋಗಿತ್ತು. ಎರಡು ಕಡೆ ತೂತು ಬಿದ್ದು ಹಿಂದಿನ ರಟ್ಟು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ನೋಡಿದ ಗೀಚು ಗೀಚಿನ ನೀಲಿ ಸಾಲುಗಳು ಮಸುಕಾಗಿ ಜ್ಞಾಪಕವಿದ್ದವು. ಯಾವ ವರ್ಷದಿಂದ ಕಾಣಿಸದಾದವು ಎನ್ನುವುದು ಜ್ಞಾಪಕವಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಸಲ ಕೆರೆದದ್ದು ಅವರದೇ ಉಗುರು.

“ಲ್ಯಾಬಲ್ಲಿ ಸ್ಕ್ಯಾನ್ ಮಾಡ್ಸಿದ್ರೆ ಬರಬಹುದೇನೋ ಅಪ್ಪಾ. ಲೂಕಾಗೆ ಯೂನಿವರ್ಸಿಟಿಲಿ ಯಾರೋ ಗೊತ್ತಂತೆ.”

“ಸ್ಕ್ಯಾನ್ ಮಾಡಕ್ಕೆ ಇಂಕ್ ಇರ್ಬೇಕು, ಇಲ್ಲ ಪೇಪರ್ ಇರ್ಬೇಕು. ಎರಡೂ ಇಲ್ಲ. ಕೆರೆದು ತೆಗ್ದಿದೀವಿ.”

ಆದರೂ ಲೂಕಾ ಒಂದು ಸಂಜೆ ಬಂದು ಪುಸ್ತಕವನ್ನು ಕ್ಲೆಮೆಂಟಿಯ ಕಡೆಯ ಯೂನಿವರ್ಸಿಟಿಗೆ ತೆಗೆದುಕೊಂಡು ಹೋದ, ನಾಲ್ಕು ದಿನ ಬಿಟ್ಟು ವಾಪಸು ತಂದ. ಮುಖ ನೋಡಿದರೇ ಉತ್ತರ ತಿಳಿಯುತ್ತಿತ್ತು. ಉಳಿದ ಪುಟಗಳನ್ನೆಲ್ಲ ಫೋಟೋ ತೆಗೆದು ಮಿರೆಲ್ಲಾಗೆ ಕಳಿಸಿದ್ದ. ಕೊನೆಯ ಪುಟ ಸ್ವಲ್ಪ ಹಾಳಾಗಿದೆ ಎಂದಷ್ಟೇ ಬರೆದಿದ್ದ. ಪುಸ್ತಕವನ್ನು ಕೊರಿಯರ್ ಮಾಡಲೇ ಎಂದು ಕೇಳಿದರೆ ಆಕೆ ಬೇಡ ಎಂದಿದ್ದರು. ಕಳಿಸುತ್ತಾರೆ ಎಂದು ನಂಬಿ ಎಂಬತ್ತು ವರ್ಷ ಕಾದದ್ದು ಸಾಕು, ನಾನೇ ಬರುತ್ತೇನೆ ಎಂದಿದ್ದರು.

ಬದರೀನಾಥರಿಗೆ ನಾಚಿಕೆಯಾಗಬೇಕಿತ್ತು. ಮೂರು ತಲೆಮಾರಿನ ತಪ್ಪು ಅದು, ಅದೂ ಭಕ್ತಿಯಿಂದ ಮಾಡಿದ್ದು. ಒಬ್ಬ ಸಾಯುವವನು ನಂಬಿ ಕೊಟ್ಟ ಎರಡು ಸಾಲನ್ನು ಪೂಜೆ ಮಾಡಿ ಮಾಡಿಯೇ ಅಳಿಸಿದ್ದರು. ನಿದ್ದೆ ಕೆಡಬೇಕಿತ್ತು. ಅವರು ಎಂದಿನಂತೆ ಹತ್ತಕ್ಕೆ ಮಲಗಿ ಆರಕ್ಕೆ ಎದ್ದರು. ತಮ್ಮ ಒಳಗೆ ಏನೂ ಅಲ್ಲಾಡುತ್ತಿಲ್ಲ ಎಂಬುದು ಅವರಿಗೆ ಭಯ ಹುಟ್ಟಿಸಿತು, ಆ ಭಯವೂ ಪಕ್ಕದ ಮನೆಯ ಟೀವಿಯಂತೆ ದೂರದಲ್ಲಿ ಕೇಳಿಸಿತು. ಸೂಜಿ ಅಂಟಿಕೊಂಡ ಮೀಟರುಗಳು ಎಷ್ಟೋ ಅವರ ಮೇಜಿಗೆ ಬಂದಿದ್ದವು. ಅಂಥವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುವುದು ರೂಢಿ. ತಟ್ಟಿದರೂ ಏಳದಿದ್ದರೆ ಇನ್ನು ಕೆಲಸಕ್ಕೆ ಬಾರದೆಂದು ಕೆಂಪು ಚೀಟಿ ಕಟ್ಟುವುದು.

ಮಿರೆಲ್ಲಾ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಂದರು. ಏರ್‌ಪೋರ್ಟಿನಿಂದ ಲೂಕಾನೇ ಕರೆತಂದ. ಗಿಡ್ಡ ಹೆಂಗಸು, ಬಿಳಿ ಕೂದಲು, ಕೈಯಲ್ಲಿ ಕೋಲು. ಕಟ್ಟಡದ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಚೆಸ್ ಆಡುತ್ತಿದ್ದ ಮುದುಕರನ್ನು ನಿಂತು ನೋಡಿ, ತಲೆಯಾಡಿಸಿ, ಆಮೇಲೆ ಲಿಫ್ಟು ಹತ್ತಿದರಂತೆ. ಗಾರ್ಗಿ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದು ಮಿರೆಲ್ಲಾ ಏನೋ ಅಂದರು. ಕಾಫಿ ಇಷ್ಟು ಚೆನ್ನಾಗಿರುವ ಮನೆಯಲ್ಲಿ ಪುಸ್ತಕ ಇತ್ತಲ್ಲ, ಸಮಾಧಾನ ಎಂದರಂತೆ. ಬದರೀನಾಥರು ನಗಬೇಕೆಂದು ತಿಳಿದು ನಕ್ಕರು. ಆಮೇಲೆ ಸುತ್ತು ಬಳಸದೆ ಶುರುಮಾಡಿದರು.

“ಗಾರ್ಗಿ, ಇದನ್ನ ಸರಿಯಾಗಿ ಟ್ರಾನ್ಸ್‌ಲೇಟ್ ಮಾಡ್ಸು, ಏನೂ ಸಾಫ್ಟ್ ಮಾಡ್ಬೇಡ. ಕೊನೇ ಪೇಜ್ ಸ್ವಲ್ಪ ಹಾಳಾಗಿಲ್ಲ, ಪೂರ್ತಿ ಹೋಗಿದೆ. ಹಾಳು ಮಾಡಿದ್ದು ನಾವೇ. ನಮ್ಮ ತಾತ, ನಮ್ಮಪ್ಪ, ನಾನು. ನಾನೇ ಜಾಸ್ತಿ.”

ಗಾರ್ಗಿ ಇಂಗ್ಲಿಷಿನಲ್ಲಿ ಹೇಳಿದಳು, ಲೂಕಾ ಇಟಾಲಿಯನ್ನಿನಲ್ಲಿ ಹೇಳಿದ. ಮಿರೆಲ್ಲಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದರು. ಇಳಿದ ಸಮಯದ ಖಾಲಿ ಕಾಲಂ ಹತ್ತಿರ ಸ್ವಲ್ಪ ಹೊತ್ತು ನಿಂತರು. ಕೊನೆಯ ಪುಟಕ್ಕೆ ಬಂದು ಆ ಕೆಂಪಿನ ಮೇಲೆ ಬೆರಳಿಟ್ಟರು. ಬೆರಳಿಗೆ ಕುಂಕುಮ ಹತ್ತಿತು. ಅದನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಎರಡು ಮಾತು ಹೇಳಿದರು.

“ಏನಂತೆ?” ಎಂದರು ಬದರೀನಾಥರು.

“ಪರವಾಗಿಲ್ಲ ಅಂತೆ ಅಪ್ಪಾ. ಇಷ್ಟು ವರ್ಷ ಗೊತ್ತಿಲ್ದೇನೇ ಬದುಕಿದೀನಿ, ಇನ್ನು ಸ್ವಲ್ಪ ದಿನ ತಾನೆ ಅಂತೆ.” ಗಾರ್ಗಿ ಅಡಿಗೆಮನೆಯ ಕಡೆ ತಿರುಗಿಕೊಂಡಳು.

ಪರವಾಗಿಲ್ಲ ಎಂದವರ ಮುಖದಲ್ಲಿ ಏನೂ ಇರಲಿಲ್ಲ. ಬದರೀನಾಥರಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದರು.

ಲೂಕಾ ಗಡಿಯಾರ ನೋಡಿಕೊಂಡ. ಮಿರೆಲ್ಲಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದರು. ಆಗ ಬದರೀನಾಥರು ‘ಒಂದ್ನಿಮಿಷ’ ಎಂದು ಕೈ ಚಾಚಿದರು. ಪೂಜೆಗೊಂಡ ವಸ್ತುವನ್ನು ಹಾಗೆಯೇ ಎತ್ತಿ ಕಳಿಸಬಾರದು. ಅಕ್ಷತೆ ಹಾಕಿ, ಮಂಗಳಾರತಿ ಎತ್ತಿ, ಇದ್ದ ಜಾಗದಿಂದ ಒಂದಿಷ್ಟು ಉತ್ತರಕ್ಕೆ ಕದಲಿಸಿ ಆಮೇಲೆ ಕಳಿಸಬೇಕು. ಭಕ್ತಿಯಿಂದ ನೆನಪಾದದ್ದಲ್ಲ. ಕೆಲಸ ಮುಗಿದ ಮೇಲೆ ಮೇಜು ಒರೆಸುವ ಕೈ ಹೇಗೋ ಹಾಗೆ ಅವರ ಕೈ ತಾನೇ ಎದ್ದಿತ್ತು. ಗಾರ್ಗಿ ಒಳಗೆ ಹೋಗಿ ತಟ್ಟೆ, ಕರ್ಪೂರ, ಗಂಧದ ಬಟ್ಟಲು ತಂದಳು. ಎರಡು ವರ್ಷ ಮುಟ್ಟದ ಗಂಧ ಬಟ್ಟಲಲ್ಲಿ ಬಿರುಕು ಬಿಟ್ಟಿತ್ತು. ಎರಡು ಹನಿ ನೀರು ಹಾಕಿ ಕಲಸಿದಳು.

ಮಣೆಯ ಮೇಲೆ ಪುಸ್ತಕವಿಟ್ಟು ಬದರೀನಾಥರು ಗಂಧದಲ್ಲಿ ಬೆರಳದ್ದಿದರು. ಇನ್ನೊಂದು ಕೈ ಅಭ್ಯಾಸಬಲದಿಂದ ಕೊನೆಯ ಪುಟ ತೆರೆದೇಬಿಟ್ಟಿತ್ತು. ಗಂಧದ ಬೆರಳು ಪುಟದ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತು. ಅವರು ಪುಸ್ತಕ ಮುಚ್ಚಿ, ಗಂಧವನ್ನು ಮಣೆಯ ಅಂಚಿಗೆ ಹಚ್ಚಿದರು. ಕರ್ಪೂರ ಹೊತ್ತಿಸಿ ಮೂರು ಸುತ್ತು ಬೆಳಗಿದರು. ಆಮೇಲೆ ಕಣ್ಣು ಮುಚ್ಚಿ, ಅಪ್ಪ ಕಲಿಸಿದ ರಾಗದಲ್ಲಿ, ಅಪ್ಪ ಎತ್ತಿದಲ್ಲಿ ಎತ್ತಿ ಇಳಿಸಿದಲ್ಲಿ ಇಳಿಸಿ, ತಾತನ ಮಂತ್ರ ಹೇಳಿದರು.

“ಓಜ್ಜಿ ಓ ಸಪೂತೊ ಕೆ ಸೇಯ್ ನಾತಾ. ನೋನ್ ಸೋ ಅಂಕೋರಾ ಇಲ್ ತೂವೊ ನೋಮೆ.”

ಕಣ್ಣು ಬಿಟ್ಟಾಗ ಮಿರೆಲ್ಲಾ ಎದ್ದು ನಿಂತಿದ್ದರು. ಕೋಲು ನೆಲದ ಮೇಲೆ ಬಿದ್ದಿತ್ತು. ಲೂಕಾ ಬಾಯಿ ತೆರೆದು ನೋಡುತ್ತಿದ್ದ.

ಮಿರೆಲ್ಲಾ ಏನೋ ಕೇಳಿದರು, ದನಿ ಅರ್ಧಕ್ಕೆ ಒಡೆಯಿತು. “ಇನ್ನೊಂದ್ಸಲ ಹೇಳ್ಬೇಕಂತೆ ಅಪ್ಪಾ” ಎಂದಳು ಗಾರ್ಗಿ, ಏನಾಗುತ್ತಿದೆ ಎಂದು ತಿಳಿಯದೆ. ಬದರೀನಾಥರಿಗೂ ತಿಳಿಯಲಿಲ್ಲ. ಅದೇ ರಾಗದಲ್ಲಿ ಇನ್ನೊಮ್ಮೆ ಹೇಳಿದರು. ಮಿರೆಲ್ಲಾ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಮತ್ತೊಮ್ಮೆ ಎಂದು ಕೈಯಲ್ಲೇ ಸನ್ನೆ ಮಾಡಿದರು. ಮೂರನೆಯ ಸಲ ಹೇಳುವಾಗ ಬದರೀನಾಥರ ದನಿಯ ಜೊತೆ ಆಕೆಯ ತುಟಿಯೂ ಅಲ್ಲಾಡಿತು.

ಲೂಕಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಗಾರ್ಗಿ ಅಪ್ಪನ ತೋಳು ಹಿಡಿದುಕೊಂಡು ಕನ್ನಡದಲ್ಲಿ ಹೇಳಿದಳು.

“ಅದು ಮಂತ್ರ ಅಲ್ಲ ಅಪ್ಪಾ. ‘ನೀನು ಹುಟ್ಟಿದೀಯ ಅಂತ ಇವತ್ತು ಗೊತ್ತಾಯ್ತು. ನಿನ್ನ ಹೆಸರು ಇನ್ನೂ ಗೊತ್ತಿಲ್ಲ.’ ಅಷ್ಟೇ ಅಪ್ಪಾ ಅದು. ಅಷ್ಟೇ.”

ಬದರೀನಾಥರು ನಿಂತಲ್ಲೇ ಕೂತರು. ಉಪದೇಶ ಮಾಡಿದ ಗುರು ಯಾರೆಂದು ತಾತ ಏಕೆ ಬಾಯಿಬಿಡಲಿಲ್ಲ ಎಂದು ಈಗ ತಿಳಿಯಿತು. ಶಿಬಿರದ ನೀರನ್ನೂ ಮುಟ್ಟದ ಬ್ರಾಹ್ಮಣನ ಕಿವಿಯಲ್ಲಿ ಒಬ್ಬ ಪರದೇಶದ ಹುಡುಗ ಸಾಯುವ ಮುನ್ನ ಎರಡು ಸಾಲು ಹೇಳಿದ್ದ. ಪುಟದಲ್ಲಿ ಬರೆದದ್ದನ್ನೇ, ಕಾಗದ ತಲುಪದಿದ್ದರೆ ಬಾಯಿಯಾದರೂ ತಲುಪಿಸಲಿ ಎಂದು ಹೇಳಿದ್ದ. ತಪ್ಪಿಲ್ಲದೆ ಬರುವವರೆಗೆ ಮತ್ತೆ ಮತ್ತೆ ಹೇಳಿಸಿರಬೇಕು. ಅರ್ಥ ಗೊತ್ತಿಲ್ಲದ್ದನ್ನು ಅಕ್ಷರ ಜಾರದಂತೆ ಕಾಪಾಡುವ ವಿದ್ಯೆಯೊಂದು ತಾತನಿಗೆ ಬರುತ್ತಿತ್ತು. ಪುಸ್ತಕವನ್ನು ಕೆಡಿಸಿದ ಮನೆಯೇ ಮಾತನ್ನು ಉಳಿಸಿತ್ತು. ಇನ್ನೆರಡು ವರ್ಷ ಸೋಫಾದ ಎಡತುದಿಯಲ್ಲಿ ಹೀಗೆಯೇ ಕೂತಿದ್ದರೆ ಅದೂ ಅವರ ಜೊತೆಗೇ ಹೋಗುತ್ತಿತ್ತು, ಗಾರ್ಗಿಗೆ ಅವರು ಕಲಿಸಿರಲಿಲ್ಲ.

ಮಿರೆಲ್ಲಾ ಮಣೆಯ ಮುಂದೆ ಕಷ್ಟಪಟ್ಟು ಮೊಣಕಾಲೂರಿದರು. ಲೂಕಾ ಹಿಡಿಯಲು ಬಂದರೆ ಬೇಡವೆಂದರು. ಪುಸ್ತಕದ ಕೊನೆಯ ಪುಟ ತೆರೆದು, ಕಿವುಡರ ಹತ್ತಿರ ಹೇಳುವಂತೆ ಅದರ ಮೇಲೆ ಬಗ್ಗಿ, ಬಿಡಿಸಿ ಬಿಡಿಸಿ ಹೇಳಿದರು.

“ಮಿರೆಲ್ಲಾ.”

ಸ್ವಲ್ಪ ಬಿಟ್ಟು ಇನ್ನೊಮ್ಮೆ, “ಮಿರೆಲ್ಲಾ.”

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ಬದರೀನಾಥರು ಪುಸ್ತಕವನ್ನು ಉತ್ತರಕ್ಕೆ ನಾಲ್ಕು ಬೆರಳು ಕದಲಿಸಿ, ರೇಷ್ಮೆಯ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು.

ಹೊರಡುವಾಗ ಮಿರೆಲ್ಲಾ ಬಾಗಿಲ ಹತ್ತಿರ ಗೋಡೆಯ ಮೇಲಿನ ಫೋಟೋದ ಮುಂದೆ ನಿಂತರು. ಫೋಟೋಕ್ಕೆ ಗಂಧದ ಹಾರವಿತ್ತು. ಯಾರೆಂದು ಅವರು ಕೇಳಲಿಲ್ಲ, ಅದು ಗೊತ್ತಾಗುವಂತಿತ್ತು. ಬೆರಳು ತೋರಿಸಿ ಒಂದೇ ಮಾತು ಕೇಳಿದರು, “ನೋಮೆ?”

ಹೆಸರು ಎಂಬ ಆ ಮಾತು ಮಂತ್ರದ ಕೊನೆಯದು, ಅದಕ್ಕೆ ಈಗ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಬದರೀನಾಥರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಗಾರ್ಗಿ ತಾನು ಹೇಳಲು ಹೋಗಿ, ಅಪ್ಪನ ಮುಖ ನೋಡಿ ಸುಮ್ಮನಾದಳು.

“ಪ್ರಭಾ” ಎಂದರು ಬದರೀನಾಥರು. ಮೊದಲ ಸಲ ಅದು ಹೊರಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು. ಮೂರನೆಯ ಸಲ ಹೇಳುವ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.